ಬಾಡಿಗೆ ಎಷ್ಟು ಎನ್ನುವ ಮೊದಲು ಚಳಿಗಾಲ ಹೇಗೆ ಎಂದು ಕೇಳಿ

ಹೋದ ವರ್ಷ ನಮ್ಮ ಮನೆಯಲ್ಲಿ ಎರಡು ತಿಂಗಳು ಒಂದೇ ಮಾತು. ಬೆಂಗಳೂರಿನಲ್ಲಿದ್ದ ಭಾವನಿಗೆ ಕಂಪನಿಯವರು ಅಮೆರಿಕದ ಬಾಸ್ಟನ್‌ಗೆ ವರ್ಗ ಮಾಡಿದ್ದರು. ಜನವರಿಯಲ್ಲಿ ಕೆಲಸಕ್ಕೆ ಸೇರಬೇಕು. ಜೊತೆಗೆ ನನ್ನ ಆಪಾ ಮತ್ತು ಒಂಬತ್ತು ತಿಂಗಳ ಮಗು. ಎಲ್ಲಿ ಬಾಡಿಗೆ ಮನೆ ಹಿಡಿಯಬೇಕು ಎಂಬುದೇ ಪ್ರಶ್ನೆ. ಚರ್ಚೆ ಉರ್ದುವಿನಲ್ಲಿ ನಡೆಯಿತು, ಲೆಕ್ಕ ಮಾತ್ರ ನನ್ನ ಅಕೌಂಟೆನ್ಸಿ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದೆ. ಆಗ ಕಲಿತದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಆಪಾಗೆ ಚಳಿಗಿಂತ ಬೇರೆ ಭಯವೂ ಇತ್ತು. ಬೆಂಗಳೂರಿನಲ್ಲಿ ಮನೆ ಹುಡುಕುವಾಗ ಒಬ್ಬ ಮಾಲೀಕರು ಫೋನಿನಲ್ಲಿ "ಬನ್ನಿ, ಮನೆ ಖಾಲಿ ಇದೆ" ಎಂದಿದ್ದರು. ಹೋಗಿ ಹೆಸರು ಹೇಳಿದ ಮೇಲೆ ಮನೆ ಖಾಲಿ ಇರಲಿಲ್ಲ. ಹಾಗಾಗಿ ಅವಳು ಮೊದಲು ಕೇಳಿದ್ದು ಇಷ್ಟೇ: "ಅಲ್ಲಿ ಹೆಸರು ಕೇಳಿದ ಮೇಲೂ ಮನೆ ಕೊಡ್ತಾರಾ?"

ಅಬ್ಬಾ ಹೇಳಿದ ಲೆಕ್ಕ

ಅಬ್ಬಾ ಮಾವಿನ ಮಂಡಿಯಲ್ಲಿ ಲೆಕ್ಕ ಬರೆಯುತ್ತಾರೆ. ತೋತಾಪುರಿಯ ಬೆಲೆ ಟನ್ನಿಗೆ ಇಷ್ಟು ಎಂದು ಕೇಳಿ ಯಾರಾದರೂ ಖುಷಿಪಟ್ಟರೆ ಅವರು ನಗುತ್ತಾರೆ. ಕೀಳುವ ಕೂಲಿ, ಗಾಡಿ ಬಾಡಿಗೆ, ಕಮಿಷನ್, ಕೊಳೆತ ಹಣ್ಣು ಎಲ್ಲ ಲೆಕ್ಕ ಹಾಕಿದ ಮೇಲೆ ಕೈಗೆ ಬರುವುದೇ ನಿಜವಾದ ಬೆಲೆ. "ಮನೆ ಬಾಡಿಗೆಯೂ ಹಾಗೇ, ಜಾಹೀರಾತಿನಲ್ಲಿರೋದು ಅರ್ಧ ಬೆಲೆ ಮಾತ್ರ" ಎಂದರು. ಉಳಿದರ್ಧ ಎಲ್ಲಿದೆ ಎಂದು ಹುಡುಕುವುದು ನನ್ನ ಕೆಲಸವಾಯಿತು.

ಊರು ಎಂಥದ್ದು?

ಬಾಸ್ಟನ್ ಇರುವುದು ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ. ನಗರದ ಒಳಗೆ ಬಾಡಿಗೆ ಹೆಚ್ಚು. ಆದ್ದರಿಂದ ಅನೇಕರು ದಕ್ಷಿಣಕ್ಕೆ ಸಮುದ್ರದ ಅಂಚಿನಲ್ಲಿರುವ ಕ್ವಿನ್ಸಿ, ವೇಮತ್, ಹಿಂಗಮ್, ಹಲ್, ಸಿಚುಯೇಟ್ ಮುಂತಾದ ಊರುಗಳಲ್ಲಿ ಇರುತ್ತಾರೆ. ಬಾಸ್ಟನ್‌ನಲ್ಲಿ ವರ್ಷಕ್ಕೆ ಸರಾಸರಿ ಸುಮಾರು 49 ಇಂಚು, ಅಂದರೆ ನಾಲ್ಕು ಅಡಿ ಹಿಮ ಬೀಳುತ್ತದೆ. 2014–15ರ ಚಳಿಗಾಲದಲ್ಲಿ 110 ಇಂಚಿಗೂ ಹೆಚ್ಚು ಬಿದ್ದು ರೈಲುಗಳೇ ನಿಂತುಹೋಗಿದ್ದವು. ಡಿಸೆಂಬರ್‌ನಲ್ಲಿ ಸಂಜೆ 4 ಗಂಟೆ 15 ನಿಮಿಷದ ಹೊತ್ತಿಗೆ ಸೂರ್ಯ ಮುಳುಗುತ್ತಾನೆ. ನಮ್ಮ ಕಾಲೇಜು ಬಿಡುವ ಹೊತ್ತಿಗೆ ಅಲ್ಲಿ ಮಗ್ರಿಬ್!

ಮೊದಲ ಪ್ರಶ್ನೆ: ಮನೆ ಬಿಸಿ ಮಾಡುವ ಖರ್ಚು ಯಾರದು?

ನಮ್ಮ ಶ್ರೀನಿವಾಸಪುರದಲ್ಲಿ ಬಾಡಿಗೆಗೆ ಹೋಗುವವರು ಮೊದಲು "ಬೋರ್‌ವೆಲ್ ಇದೆಯಾ, ನೀರು ಎಷ್ಟು ದಿನಕ್ಕೊಮ್ಮೆ ಬರುತ್ತೆ?" ಎಂದು ಕೇಳುತ್ತಾರೆ. ಅಲ್ಲಿ ಮೊದಲು ಕೇಳಬೇಕಾದದ್ದು ಹೀಟಿಂಗ್ ಬಗ್ಗೆ. ಮ್ಯಾಸಚೂಸೆಟ್ಸ್ ನಿಯಮದ ಪ್ರಕಾರ ಚಳಿಗಾಲದಲ್ಲಿ ಬಾಡಿಗೆ ಮನೆ ಬೆಳಿಗ್ಗೆ 7ರಿಂದ ರಾತ್ರಿ 11ರವರೆಗೆ ಕನಿಷ್ಠ 68 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 20 ಡಿಗ್ರಿ ಸೆಲ್ಸಿಯಸ್ ಇರಬೇಕು. ರಾತ್ರಿ 64 ಫ್ಯಾರನ್‌ಹೀಟ್, ಸುಮಾರು 18 ಸೆಲ್ಸಿಯಸ್. ಅದಕ್ಕೆ ಬೇಕಾದ ವ್ಯವಸ್ಥೆ ಮಾಲೀಕರೇ ಮಾಡಿಕೊಡಬೇಕು. ಆದರೆ ಇಂಧನದ ಖರ್ಚು ಬಾಡಿಗೆದಾರರದು ಎಂದು ಕರಾರಿನಲ್ಲಿ ಬರೆದಿದ್ದರೆ ಅದನ್ನು ನಾವೇ ಕಟ್ಟಬೇಕು. ಕೆಲವು ಮನೆಗಳಿಗೆ ಗ್ಯಾಸ್, ಕೆಲವಕ್ಕೆ ಎಣ್ಣೆ, ಕೆಲವಕ್ಕೆ ಕರೆಂಟು. ಹಳೆಯ ಮಾದರಿಯ ಕರೆಂಟು ಹೀಟರ್ ಇರುವ ಮನೆಯಲ್ಲಿ ಬಿಲ್ಲು ಜೋರಾಗಿ ಬರುತ್ತದೆ. ಹಾಗಾಗಿ ಹಿಂದಿನ ಚಳಿಗಾಲದ ಬಿಲ್ಲನ್ನು ಕೇಳಿ ನೋಡಬೇಕು.

ಎರಡನೆಯದು: ರೈಲು ಎಷ್ಟು ದೂರ?

ಕ್ವಿನ್ಸಿಯಲ್ಲಿ ಬಾಸ್ಟನ್ ಮೆಟ್ರೋದ ರೆಡ್ ಲೈನ್ ನಿಲ್ದಾಣಗಳಿವೆ: ನಾರ್ತ್ ಕ್ವಿನ್ಸಿ, ವೊಲಸ್ಟನ್, ಕ್ವಿನ್ಸಿ ಸೆಂಟರ್, ಕ್ವಿನ್ಸಿ ಆಡಮ್ಸ್. ಮುಂದೆ ಸಮುದ್ರದ ಕಡೆಗೆ ಹೋದಂತೆ ಮೆಟ್ರೋ ಇಲ್ಲ. ದೂರದ ಊರಿನ ರೈಲು, ದೋಣಿ ಅಥವಾ ಕಾರು ಬೇಕು. ಕಾರಿದ್ದರೆ ಅದನ್ನು ನಿಲ್ಲಿಸಲು ಸ್ವಂತ ಜಾಗವೂ ಬೇಕು. ಹಿಮದ ತುರ್ತು ಸ್ಥಿತಿ ಘೋಷಿಸಿದಾಗ ಮುಖ್ಯ ರಸ್ತೆಗಳಲ್ಲಿ ಕಾರು ನಿಲ್ಲಿಸುವಂತಿಲ್ಲ, ನಿಲ್ಲಿಸಿದರೆ ಎಳೆದುಕೊಂಡು ಹೋಗುತ್ತಾರೆ.

ನಾನು ಎರಡು ಮನೆಗಳನ್ನು ಹೋಲಿಸಿದೆ. ಈ ಅಂಕಿಗಳು ಲೆಕ್ಕದ ರೀತಿ ತಿಳಿಯಲು ನಾನೇ ಹಾಕಿಕೊಂಡವು.

ಮನೆ 1: ಮೆಟ್ರೋ ಹತ್ತಿರ, ಹೀಟಿಂಗ್ ಸೇರಿ ತಿಂಗಳಿಗೆ 2,500 ಡಾಲರ್. ವರ್ಷಕ್ಕೆ 30,000. ತಿಂಗಳಿಗೆ 90 ಡಾಲರ್‌ನಂತೆ ಪಾಸ್ 1,080. ಒಟ್ಟು 31,080.

ಮನೆ 2: ಸಮುದ್ರದ ಎದುರು, ತಿಂಗಳಿಗೆ 2,200. ವರ್ಷಕ್ಕೆ 26,400. ಹೀಟಿಂಗ್ ಆರು ತಿಂಗಳು 300ರಂತೆ 1,800. ಕಾರಿನ ಖರ್ಚು ತಿಂಗಳಿಗೆ 400ರಂತೆ 4,800. ಒಟ್ಟು 33,000.

ತಿಂಗಳಿಗೆ 300 ಡಾಲರ್ ಕಡಿಮೆ ಎಂದು ಕಂಡ ಮನೆಯೇ ವರ್ಷಕ್ಕೆ 1,920 ಡಾಲರ್ ದುಬಾರಿ. ಭಾವ ಕಾರು ತೆಗೆದುಕೊಂಡು ಹೋದ ಮೇಲೆ ಆಪಾ ಮಗುವಿನೊಂದಿಗೆ ಸಂಜೆವರೆಗೆ ಮನೆಯಲ್ಲೇ ಕೂರಬೇಕು ಎಂಬುದು ಈ ಪಟ್ಟಿಯಲ್ಲಿ ಇಲ್ಲ. ಅಮ್ಮಿ ಅದನ್ನೇ ಮೊದಲು ಕೇಳಿದರು: "ಅಂಗಡಿಗೆ ಇವಳು ನಡೆದುಕೊಂಡು ಹೋಗಬಹುದಾ?" ಖರ್ಚೆಂದರೆ ದುಡ್ಡು ಮಾತ್ರ ಅಲ್ಲ ಎಂದು ಆಗ ಗೊತ್ತಾಯಿತು.

ಮೂರನೆಯದು: ಸಮುದ್ರ ಮನೆಯೊಳಗೆ ಬರುತ್ತದೆಯೇ?

ಚಳಿಗಾಲದಲ್ಲಿ ಆ ತೀರಕ್ಕೆ ಈಶಾನ್ಯದ ಗಾಳಿಯೊಂದಿಗೆ ದೊಡ್ಡ ಬಿರುಗಾಳಿಗಳು ಬರುತ್ತವೆ. ಅವನ್ನು ನಾರ್‌ಈಸ್ಟರ್ ಎನ್ನುತ್ತಾರೆ. ಅದೇ ಹೊತ್ತಿಗೆ ಉಬ್ಬರವೂ ಇದ್ದರೆ ಹಲ್, ಸಿಚುಯೇಟ್‌ನಂಥ ಊರುಗಳ ತಗ್ಗು ಬೀದಿಗಳಿಗೆ ನೀರು ನುಗ್ಗುತ್ತದೆ. 2018ರ ಜನವರಿ ಮತ್ತು ಮಾರ್ಚ್‌ನಲ್ಲಿ ಹೀಗಾಯಿತು. ಪ್ರವಾಹ ವಲಯಗಳ ನಕ್ಷೆಯನ್ನು ಅಲ್ಲಿನ ಸರ್ಕಾರವೇ ಪ್ರಕಟಿಸುತ್ತದೆ. ಬಾಡಿಗೆದಾರರ ಸಾಮಾನ್ಯ ವಿಮೆ ಪ್ರವಾಹದ ನಷ್ಟವನ್ನು ಕೊಡುವುದಿಲ್ಲ, ಅದಕ್ಕೆ ಬೇರೆ ಪಾಲಿಸಿ ಬೇಕು. ವಿಮೆಯ ಪಾಠ ಓದಿದ ನಮಗೆ ಇದು ಹೊಸದಲ್ಲ: ಪಾಲಿಸಿ ಇದೆ ಎಂಬುದಕ್ಕಿಂತ ಯಾವ ನಷ್ಟಕ್ಕೆ ಇದೆ ಎಂಬುದು ಮುಖ್ಯ.

ನಾಲ್ಕನೆಯದು: ಗೋಡೆಯ ಬಣ್ಣ

ಇದನ್ನು ನಾನು ಊಹಿಸಿಯೂ ಇರಲಿಲ್ಲ. ಅಲ್ಲಿನ ಹಳೆಯ ಮನೆಗಳ ಬಣ್ಣದಲ್ಲಿ ಸೀಸ ಇರುತ್ತದೆ. ಉದುರಿದ ಬಣ್ಣದ ಧೂಳು ಅಂಬೆಗಾಲಿಡುವ ಮಗುವಿನ ಬಾಯಿಗೆ ಹೋದರೆ ಮೆದುಳಿನ ಬೆಳವಣಿಗೆಗೆ ಹಾನಿ. ಆದ್ದರಿಂದ 1978ಕ್ಕಿಂತ ಮೊದಲು ಕಟ್ಟಿದ ಮನೆಯಲ್ಲಿ 6 ವರ್ಷದೊಳಗಿನ ಮಗು ವಾಸವಿದ್ದರೆ ಆ ಅಪಾಯವನ್ನು ಮಾಲೀಕರು ಸರಿಪಡಿಸಬೇಕೆಂದು ಮ್ಯಾಸಚೂಸೆಟ್ಸ್ ಕಾನೂನು ಹೇಳುತ್ತದೆ. ಆ ಖರ್ಚು ತಪ್ಪಿಸಲು ಮಗು ಇರುವವರಿಗೆ ಮನೆ ಇಲ್ಲ ಎನ್ನುವಂತಿಲ್ಲ. ಮನೆ ಕಟ್ಟಿದ ವರ್ಷ ಮತ್ತು ಸೀಸದ ತಪಾಸಣೆಯ ಪತ್ರ, ಎರಡನ್ನೂ ಕೇಳಬೇಕು.

ಅಡ್ವಾನ್ಸ್ ಎಷ್ಟು?

ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೇಳುವುದನ್ನು ನಾವೆಲ್ಲ ಬಲ್ಲೆವು. ಮ್ಯಾಸಚೂಸೆಟ್ಸ್‌ನಲ್ಲಿ ಠೇವಣಿ ಒಂದು ತಿಂಗಳ ಬಾಡಿಗೆಗಿಂತ ಹೆಚ್ಚಿರಬಾರದು. ಮಾಲೀಕರು ಅದನ್ನು ಬಡ್ಡಿ ಬರುವ ಪ್ರತ್ಯೇಕ ಬ್ಯಾಂಕ್ ಖಾತೆಯಲ್ಲಿಡಬೇಕು, ಮನೆ ಬಿಟ್ಟ 30 ದಿನದೊಳಗೆ ಲೆಕ್ಕ ಕೊಟ್ಟು ಹಿಂತಿರುಗಿಸಬೇಕು. ಜೊತೆಗೆ ಮೊದಲ ತಿಂಗಳ ಮತ್ತು ಕೊನೆಯ ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳಬಹುದು. ಅಂದರೆ 2,500ರ ಮನೆಗೆ ಮೊದಲ ದಿನವೇ 7,500 ಡಾಲರ್ ಸಿದ್ಧವಿರಬೇಕು. ಮನೆ ನೋಡದೆ, ಬೀಗದ ಕೈ ಪಡೆಯದೆ, ಫೋಟೋ ನಂಬಿ ಇಲ್ಲಿಂದಲೇ ಹಣ ಕಳಿಸಬಾರದು. ಅದಕ್ಕೇ ಭಾವ ಮೊದಲು ಒಂದು ತಿಂಗಳು ತಾತ್ಕಾಲಿಕ ಮನೆ ಹಿಡಿದು, ನಂತರ ಕಣ್ಣಾರೆ ನೋಡಿ ಆರಿಸಿದರು.

ಆಪಾಳ ಪ್ರಶ್ನೆಗೆ ಉತ್ತರ

ಅಮೆರಿಕದಲ್ಲಿ 1968ರ ಫೇರ್ ಹೌಸಿಂಗ್ ಕಾಯ್ದೆ ಇದೆ. ಜನಾಂಗ, ಧರ್ಮ, ಮೂಲ ದೇಶದ ಕಾರಣಕ್ಕೆ ಮನೆ ನಿರಾಕರಿಸುವುದು ಅದರ ಪ್ರಕಾರ ತಪ್ಪು. 1988ರಲ್ಲಿ ಮಕ್ಕಳಿರುವ ಕುಟುಂಬಗಳನ್ನೂ ಸೇರಿಸಿದರು. ಕೆಲವು ಸಣ್ಣ ಮನೆಗಳಿಗೆ ವಿನಾಯಿತಿ ಇದೆ, ಕಾನೂನು ಬಂದ ಕೂಡಲೇ ಎಲ್ಲರ ಮನಸ್ಸು ಬದಲಾಗುವುದೂ ಇಲ್ಲ. ಆದರೆ ದೂರು ಕೊಡಲು ಒಂದು ಜಾಗವಿದೆ. ಕ್ವಿನ್ಸಿಯಲ್ಲಿ 1964ರಲ್ಲೇ ಕಟ್ಟಿದ ಮಸೀದಿ ಇದೆ ಎಂದು ತಿಳಿದಾಗ ಅಮ್ಮಿಗೂ ಸಮಾಧಾನವಾಯಿತು.

ಕೊನೆಗೆ ಅವರು ಹಿಡಿದದ್ದು ಕ್ವಿನ್ಸಿಯಲ್ಲಿ, ನಿಲ್ದಾಣಕ್ಕೆ ಹತ್ತು ನಿಮಿಷ ನಡೆಯುವ ದೂರದ ಎರಡನೇ ಮಹಡಿ ಮನೆ. ಸಮುದ್ರ ಕಾಣುವುದಿಲ್ಲ. ಬಾಡಿಗೆ ಅರ್ಜಿಯ ಫೋಟೋವನ್ನು ಆಪಾ ನನಗೆ ಕಳಿಸಿದಳು. ಸಂಬಳದ ಪತ್ರ ಕೇಳಿದ್ದರು, ಹಳೆಯ ವಿಳಾಸ ಕೇಳಿದ್ದರು. ಹೆಸರು ಬರೆದಾದ ಮೇಲೂ ಮನೆ ಖಾಲಿಯೇ ಇತ್ತು.

ನಮ್ಮಲ್ಲಿ ಅನೇಕರು ಮುಂದಿನ ವರ್ಷ ಬಿ.ಕಾಂ. ಓದಲು ಕೋಲಾರಕ್ಕೋ ಬೆಂಗಳೂರಿಗೋ ಹೋಗುತ್ತೇವೆ. ಅಲ್ಲಿ ಹಿಮ ಇಲ್ಲ, ಆದರೆ ಬಸ್ ಪಾಸ್, ನೀರಿನ ಟ್ಯಾಂಕರ್, ಅಡ್ವಾನ್ಸ್, ಕತ್ತಲಾದ ಮೇಲೆ ನಡೆಯುವ ದಾರಿ ಇವೆ. ಪಿಜಿ ಬಾಡಿಗೆ ಕೇಳಿ ತಲೆಯಾಡಿಸುವ ಮೊದಲು ಒಂದು ಹಾಳೆ ತೆಗೆದುಕೊಂಡು ಹನ್ನೆರಡು ತಿಂಗಳ ಲೆಕ್ಕ ಬರೆಯಿರಿ. ಪಕ್ಕದಲ್ಲಿ ಅಮ್ಮನನ್ನೂ ಕೂರಿಸಿಕೊಳ್ಳಿ. ನಾವು ಮರೆತ ಪ್ರಶ್ನೆಯನ್ನು ಅವರು ಕೇಳುತ್ತಾರೆ.