ಅಚ್ಚುಮೊಳೆ ತಂದ ಸ್ವಾವಲಂಬನೆ: ಅಮೆರಿಕದ ಕಿವುಡರ ಶಾಲೆಗಳಲ್ಲಿ ಮುದ್ರಣ ಶಿಕ್ಷಣ

ವೃತ್ತಿಶಿಕ್ಷಣವು ಉದ್ಯಮದ ಬೇಡಿಕೆಗೆ ಹೊಂದಿಕೊಂಡಾಗ ದೊರೆಯುವ ಲಾಭವೇನು, ಆ ಹೊಂದಿಕೆ ತಪ್ಪಿದಾಗ ಆಗುವ ನಷ್ಟವೇನು ಎಂಬುದಕ್ಕೆ ಅಮೆರಿಕದ ಕಿವುಡ ಮಕ್ಕಳ ವಸತಿಶಾಲೆಗಳ ಇತಿಹಾಸವು ಉತ್ತಮ ನಿದರ್ಶನವಾಗಿದೆ.

1817ರಲ್ಲಿ ಹಾರ್ಟ್‌ಫರ್ಡ್ ನಗರದಲ್ಲಿ ಕಿವುಡರ ಶಾಲೆಯೊಂದು ಆರಂಭವಾಯಿತು. ಮುಂದೆ ಹಲವು ರಾಜ್ಯಗಳಲ್ಲಿ ಸ್ಥಾಪನೆಗೊಂಡ ಇಂತಹ ಶಾಲೆಗಳು ಅಕ್ಷರಾಭ್ಯಾಸದೊಡನೆ ಮರಗೆಲಸ, ಪಾದರಕ್ಷೆ ತಯಾರಿಕೆ, ಹೊಲಿಗೆ ಮುಂತಾದ ಕಸುಬುಗಳನ್ನೂ ಕಲಿಸಿದವು. ಇವುಗಳಲ್ಲಿ ಮುದ್ರಣಕ್ಕೆ ವಿಶೇಷ ಸ್ಥಾನ ದೊರೆಯಿತು. ಉತ್ತರ ಕೆರೊಲಿನಾದ ಶಾಲೆಯು 1849ರಲ್ಲಿ ‘ದಿ ಡೆಫ್ ಮ್ಯೂಟ್’ ಎಂಬ ಪತ್ರಿಕೆಯನ್ನು ಹೊರತಂದಿತು. ಬಳಿಕ ಅನೇಕ ಶಾಲೆಗಳು ತಮ್ಮದೇ ಪತ್ರಿಕೆಗಳನ್ನು ಅಚ್ಚುಮಾಡಿ ಪರಸ್ಪರ ವಿನಿಮಯ ಮಾಡಿಕೊಂಡವು. ಈ ಬಳಗವು ‘ಲಿಟಲ್ ಪೇಪರ್ ಫ್ಯಾಮಿಲಿ’ ಎಂದು ಹೆಸರಾಯಿತು.

ಈ ಕಸುಬಿನ ಆಯ್ಕೆಗೆ ಸಕಾರಣಗಳಿದ್ದವು. ಒಂದೊಂದೇ ಮೊಳೆಯನ್ನು ಆರಿಸಿ ಸಾಲಿಗೆ ಜೋಡಿಸುವ ವಿದ್ಯಾರ್ಥಿಗೆ ಕಾಗುಣಿತ, ವಾಕ್ಯರಚನೆಗಳು ತಾವಾಗಿ ರೂಢಿಯಾಗುತ್ತಿದ್ದವು. ಶಾಲೆಗೆ ಬೇಕಾದ ಪತ್ರಿಕೆಯೂ ಅಲ್ಲಿಯೇ ಸಿದ್ಧವಾಗುತ್ತಿತ್ತು. ಎಲ್ಲಕ್ಕಿಂತ ಮಿಗಿಲಾಗಿ, ಕಲಿತ ವಿದ್ಯೆಗೆ ಮಾರುಕಟ್ಟೆಯಿತ್ತು.

1886ರಲ್ಲಿ ‘ನ್ಯೂಯಾರ್ಕ್ ಟ್ರಿಬ್ಯೂನ್’ ಪತ್ರಿಕೆಯು ಆಟ್‌ಮಾರ್ ಮರ್ಗೆಂತಾಲರ್ ಅವರ ಲೈನೊಟೈಪ್ ಯಂತ್ರವನ್ನು ಬಳಕೆಗೆ ತಂದಿತು. ಕೀಲಿಗಳನ್ನು ಒತ್ತಿದರೆ ಸೀಸದ ಮಿಶ್ರಲೋಹದಲ್ಲಿ ಇಡೀ ಸಾಲೇ ಎರಕಗೊಳ್ಳುತ್ತಿತ್ತು. ಶಾಲೆಗಳೂ ಈ ಯಂತ್ರವನ್ನು ಕಲಿಸತೊಡಗಿದವು. ಇತರರಿಗೆ ತಲೆನೋವು ತರುತ್ತಿದ್ದ ಯಂತ್ರಗಳ ಗದ್ದಲವು ಕಿವುಡ ಕೆಲಸಗಾರರಿಗೆ ಅಡ್ಡಿಯಾಗಲಿಲ್ಲ. ಆ ಸದ್ದಿನ ನಡುವೆಯೂ ಅವರು ಸಂಜ್ಞಾಭಾಷೆಯಲ್ಲಿ ಸರಾಗವಾಗಿ ಸಂಭಾಷಿಸಬಲ್ಲವರಾಗಿದ್ದರು. ದೊಡ್ಡ ದಿನಪತ್ರಿಕೆಗಳಲ್ಲಿಯೂ ವಾಷಿಂಗ್ಟನ್ನಿನ ಸರ್ಕಾರಿ ಮುದ್ರಣಾಲಯದಲ್ಲಿಯೂ ಅವರು ಉದ್ಯೋಗ ಪಡೆದರು. ಕಾರ್ಮಿಕ ಸಂಘದ ಸದಸ್ಯತ್ವವು ಉತ್ತಮ ವೇತನಕ್ಕೆ ದಾರಿಮಾಡಿತು.

ಆದರೆ ಫೋಟೊ ಕಂಪೋಸಿಂಗ್ ಮತ್ತು ಗಣಕಯಂತ್ರಗಳು ಬಂದಂತೆ ಮೊಳೆ ಜೋಡಣೆಯ ಕಾಲ ಮುಗಿಯಿತು. 1974ರಲ್ಲಿ ನ್ಯೂಯಾರ್ಕಿನ ಪತ್ರಿಕಾ ಮಾಲೀಕರು ಸಂಘದೊಡನೆ ಒಪ್ಪಂದ ಮಾಡಿಕೊಂಡು, ಯಾಂತ್ರೀಕರಣಕ್ಕೆ ಪ್ರತಿಯಾಗಿ ಇದ್ದ ಕಂಪೋಸಿಟರುಗಳಿಗೆ ಉದ್ಯೋಗದ ಭದ್ರತೆ ನೀಡಿದರು. 1978ರ ಜುಲೈನಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಲೈನೊಟೈಪಿಗೆ ವಿದಾಯ ಹೇಳಿತು. ಹಳಬರಿಗೆ ರಕ್ಷಣೆ ದೊರೆಯಿತಾದರೂ, ಹೊಸದಾಗಿ ಅದೇ ಕಸುಬು ಕಲಿತು ಬಂದವರಿಗೆ ಬಾಗಿಲು ಮುಚ್ಚಿತ್ತು.

ಉದ್ಯಮಿಗಳು ಇದರಿಂದ ಗ್ರಹಿಸಬೇಕಾದ ಅಂಶಗಳು ಎರಡು. ನ್ಯೂನತೆಯೆಂದು ತೋರುವುದು ಎಲ್ಲ ಕೆಲಸಗಳಲ್ಲಿಯೂ ಅಡ್ಡಿಯಾಗುವುದಿಲ್ಲ. ಆದುದರಿಂದ ನೇಮಕಾತಿಗೆ ಮುನ್ನ ಆ ಕೆಲಸಕ್ಕೆ ನಿಜವಾಗಿ ಏನು ಬೇಕೆಂಬುದನ್ನು ಪರಿಶೀಲಿಸುವುದು ಲೇಸು. ಇನ್ನು ತರಬೇತಿಯನ್ನು ಒಂದೇ ಯಂತ್ರಕ್ಕೆ ಕಟ್ಟಿಹಾಕಿದರೆ ಯಂತ್ರದೊಡನೆ ಕಸುಬೂ ಹಳತಾಗುತ್ತದೆ. ಹೊಸ ಯಂತ್ರವನ್ನು ಕೊಳ್ಳುವಾಗಲೇ ಹಳೆಯ ಕುಶಲಕರ್ಮಿಯ ಮರುತರಬೇತಿಗೂ ಹಣ ತೆಗೆದಿರಿಸುವುದು ವಿವೇಕದ ಕ್ರಮ.