ಎಂಜಿನ್ ತಪಾಸಣೆಯ ಬಿಲ್ಲು ಕಟ್ಟುವವರು ಯಾರು?

2023ರ ಜುಲೈ 25ರಂದು ಆರ್‌ಟಿಎಕ್ಸ್ ಕಂಪನಿ ಒಳ್ಳೆಯ ತ್ರೈಮಾಸಿಕ ಫಲಿತಾಂಶವನ್ನೇ ಪ್ರಕಟಿಸಿತು. ವರ್ಷದ ಮಾರಾಟದ ಅಂದಾಜನ್ನೂ ಏರಿಸಿತು. ಆದರೂ ಅವತ್ತು ಷೇರು ಸುಮಾರು ಶೇ. 10ರಷ್ಟು ಬಿತ್ತು. ಅದರ ಒಡೆತನದ ಪ್ರ್ಯಾಟ್ ಅಂಡ್ ವಿಟ್ನಿ ತಯಾರಿಸಿದ ಸುಮಾರು 1,200 ಜಿಟಿಎಫ್ ಎಂಜಿನ್‌ಗಳನ್ನು ವಿಮಾನದಿಂದ ಇಳಿಸಿ ಪರೀಕ್ಷಿಸಬೇಕು ಎಂಬ ಸುದ್ದಿಯೂ ಜೊತೆಗೆ ಬಂದಿತ್ತು.

ಜೆಟ್ ಎಂಜಿನ್ನಿನೊಳಗಿನ ಡಿಸ್ಕ್ ಒಡೆದರೆ ಅದರ ಚೂರುಗಳನ್ನು ಹೊರಗವಚ ತಡೆಯಲಾರದು. ಹಾಗಾಗಿ ಪ್ರತಿ ಡಿಸ್ಕ್‌ಗೂ ಇಷ್ಟೇ ಹಾರಾಟ ಎಂಬ ಮಿತಿಯಿದೆ. ಮಿತಿ ಮುಗಿದರೆ, ನೋಡಲು ಹೊಸದರಂತಿದ್ದರೂ ಬದಲಿಸಲೇಬೇಕು. ಇದರ ಮೇಲೆ, ಅಪಾಯ ಕಂಡಾಗ ಅಮೆರಿಕದ ಎಫ್‌ಎಎಯಂಥ ನಿಯಂತ್ರಕರು ‘ಏರ್‌ವರ್ದಿನೆಸ್ ಡೈರೆಕ್ಟಿವ್’ ಹೊರಡಿಸುತ್ತಾರೆ. ಅದು ಸಲಹೆಯಲ್ಲ, ಕಾನೂನು. 2015ರ ಕೊನೆಯಿಂದ 2021ರವರೆಗೆ ತಯಾರಾದ ಲೋಹದ ಪುಡಿಯಲ್ಲಿ ಕಲ್ಮಶ ಸೇರಿ ಡಿಸ್ಕ್ ಬಿರುಕು ಬಿಡಬಹುದು ಎಂದು ತಿಳಿದಾಗ, 2023ರ ಆಗಸ್ಟ್‌ನಲ್ಲಿ ಎಫ್‌ಎಎ ಅಲ್ಟ್ರಾಸಾನಿಕ್ ತಪಾಸಣೆಯನ್ನು ಕಡ್ಡಾಯ ಮಾಡಿತು.

ಹೂಡಿಕೆದಾರರಿಗೆ ಇಲ್ಲೊಂದು ಪಾಠವಿದೆ. ಎಂಜಿನ್ ವ್ಯಾಪಾರ ಪ್ರಿಂಟರ್ ವ್ಯಾಪಾರದ ಹಾಗೆ. ಯಂತ್ರದಲ್ಲಿ ಲಾಭ ಕಡಿಮೆ, ಇಂಕಿನಲ್ಲಿ ಹೆಚ್ಚು. ವಾಡಿಕೆಯ ತಪಾಸಣೆ, ಬಿಡಿಭಾಗ, ರಿಪೇರಿಗಳಿಂದಲೇ ತಯಾರಕರ ಗಳಿಕೆ. ಆದರೆ ತಪ್ಪು ತಯಾರಕರದ್ದೇ ಆದಾಗ ಅದೇ ತಪಾಸಣೆ ಅವರ ತಲೆಗೇ ಸುತ್ತಿಕೊಳ್ಳುತ್ತದೆ. ಆಗ ಬಿಡಿಭಾಗದ ಬೆಲೆಗಿಂತ, ನಿಂತ ವಿಮಾನಕ್ಕೆ ಕೊಡುವ ಪರಿಹಾರವೇ ದೊಡ್ಡದು. ಸೆಪ್ಟೆಂಬರ್‌ನಲ್ಲಿ ಒಟ್ಟು ಹೊರೆಯ ಅಂದಾಜು 600ರಿಂದ 700 ಕೋಟಿ ಡಾಲರ್‌ಗೆ ಮುಟ್ಟಿತು. ಒಂದೊಂದು ಎಂಜಿನ್ ಮತ್ತೆ ರೆಕ್ಕೆಗೇರಲು 250ರಿಂದ 300 ದಿನ ಎಂದಿತು ಕಂಪನಿ. ಈ ಎಂಜಿನ್ ಯೋಜನೆಯಲ್ಲಿ ಶೇ. 18 ಪಾಲಿರುವ ಮ್ಯೂನಿಕ್‌ನ ಎಂಟಿಯು ಕೂಡ ಹೊರೆ ಹೊತ್ತಿತು.

ವಿಮಾನ ಸಂಸ್ಥೆಗಳ ಕಥೆ ಬೇರೆ. ಡಿಸ್ಕ್ ಸುದ್ದಿ ಬರುವ ಮೊದಲೇ, ಇದೇ ಕುಟುಂಬದ ಎಂಜಿನ್‌ಗಳು ಕೈಕೊಟ್ಟವೆಂದು ದೂರಿ ಗೋ ಫಸ್ಟ್ 2023ರ ಮೇನಲ್ಲಿ ದಿವಾಳಿ ಅರ್ಜಿ ಹಾಕಿತ್ತು. ಇಂಡಿಗೋದ ಹತ್ತಾರು ವಿಮಾನಗಳು ನೆಲಕ್ಕಿಳಿದರೂ ಅದು 2023-24ರಲ್ಲಿ 8,000 ಕೋಟಿ ರೂಪಾಯಿಗೂ ಹೆಚ್ಚು ಲಾಭ ಮಾಡಿತು. ಅದರ ಕೈಯಲ್ಲಿ ನಗದಿತ್ತು, ಬೇರೆ ಕಂಪನಿಯ ಎಂಜಿನ್‌ಗಳೂ ಇದ್ದವು, ಬಾಡಿಗೆಗೆ ವಿಮಾನ ತರುವ ಶಕ್ತಿಯೂ ಇತ್ತು.

2023ರ ಅಕ್ಟೋಬರ್‌ನಲ್ಲಿ 70 ಡಾಲರ್ ಆಸುಪಾಸಿಗೆ ಇಳಿದಿದ್ದ ಆರ್‌ಟಿಎಕ್ಸ್ ಷೇರು 2024ರಲ್ಲಿ 100 ದಾಟಿತು. ಹೆದರಿ ಮಾರಿದವರು ಕಳೆದುಕೊಂಡರು ಎನ್ನುವುದು ಈಗ ಸುಲಭ. ಜುಲೈನ ಆ ದಿನ ಹೊರೆ ಎಷ್ಟೆಂದು ಕಂಪನಿಗೇ ಪೂರ್ತಿ ಗೊತ್ತಿರಲಿಲ್ಲ.

ಹಾಗಾಗಿ ಈ ವಲಯದ ಷೇರು ಕೊಳ್ಳುವ ಮುನ್ನ ಮೂರು ಪ್ರಶ್ನೆ ಕೇಳಿಕೊಳ್ಳಿ. ತಪಾಸಣೆ ವಾಡಿಕೆಯದ್ದೋ, ದೋಷದ್ದೋ? ಬಿಲ್ಲು ಯಾರ ಹೆಸರಿಗೆ? ವಿಮಾನ ವರ್ಷಗಟ್ಟಲೆ ನಿಂತರೂ ತಾಳುವಷ್ಟು ನಗದು ಇದೆಯೇ? ಮೊದಲ ಉತ್ತರ ಎಫ್‌ಎಎಯ ಆದೇಶಗಳಲ್ಲೇ ಸಿಗುತ್ತದೆ, ಓದಲು ದುಡ್ಡು ಕೊಡಬೇಕಿಲ್ಲ. ಉಳಿದೆರಡಕ್ಕೆ ಕಂಪನಿಯ ತ್ರೈಮಾಸಿಕ ವರದಿ ತೆರೆಯಿರಿ.