ಐಎಸ್‌ಡಿಎನ್ ಲೈನು ಕೈಕೊಟ್ಟರೆ ಎಲ್ಲಿಂದ ಹುಡುಕಬೇಕು?

ಫೋನ್ ಹೋಗಿದೆ ಎಂಬ ದೂರು ಬಂದ ಕೂಡಲೇ ರೌಟರಿನ ಕಾನ್ಫಿಗರೇಶನ್ ತೆರೆದು ಕೂರುವವರು ಹೆಚ್ಚು. ಮಾತು, ಡೇಟಾ ಎರಡನ್ನೂ ಡಿಜಿಟಲ್ ಆಗಿ ಒಯ್ಯುವ ಐಎಸ್‌ಡಿಎನ್ ಲೈನಿನ ವಿಷಯದಲ್ಲಿ ಹಾಗೆ ಹೊರಟರೆ ದಿನವೇ ಹಾಳು. ನಿನ್ನೆ ಸಂಜೆವರೆಗೆ ಸರಿಯಿದ್ದ ಕಾನ್ಫಿಗರೇಶನ್ ರಾತ್ರಿ ಕಳೆಯುವಷ್ಟರಲ್ಲಿ ತಾನಾಗಿ ಬದಲಾಗುವುದಿಲ್ಲ. ತಂತಿ ಕಡಿಯಬಹುದು, ಮೋಡೆಮ್ ಸುಡಬಹುದು, ಎಕ್ಸ್‌ಚೇಂಜಿನಲ್ಲಿ ಒಂದು ಕಾರ್ಡು ಕೆಡಬಹುದು. ಹಾಗಾಗಿ ಮೊದಲು ತಂತಿ, ಆಮೇಲೆ ಸಿಗ್ನಲಿಂಗ್, ಕೊನೆಗೆ ಕರೆ. ಈ ಕ್ರಮ ತಪ್ಪಿಸಬಾರದು.

ಐಎಸ್‌ಡಿಎನ್‌ನಲ್ಲಿ ಎರಡು ಬಗೆ. ಬಿಆರ್‌ಐ (ಬೇಸಿಕ್ ರೇಟ್ ಇಂಟರ್‌ಫೇಸ್) ಒಂದೇ ಜೋಡಿ ತಾಮ್ರದ ತಂತಿಯಲ್ಲಿ ಬರುತ್ತದೆ. ಅದರಲ್ಲಿ ತಲಾ 64 ಕಿಲೋಬಿಟ್‌ನ ಎರಡು ಬಿ ಚಾನೆಲ್, 16 ಕಿಲೋಬಿಟ್‌ನ ಒಂದು ಡಿ ಚಾನೆಲ್ ಇರುತ್ತವೆ. ಮಾತು, ಡೇಟಾ ಹೋಗುವುದು ಬಿ ಮೇಲೆ. ಯಾರಿಗೆ ಕರೆ, ಆಚೆ ರಿಂಗಾಯಿತೇ, ಯಾರು ಫೋನ್ ಇಟ್ಟರು ಎಂಬ ಸಂದೇಶಗಳೆಲ್ಲ ಡಿ ಮೇಲೆ. ಪಿಆರ್‌ಐ (ಪ್ರೈಮರಿ ರೇಟ್ ಇಂಟರ್‌ಫೇಸ್) ದೊಡ್ಡ ಕಚೇರಿಗಳದ್ದು. 2.048 ಮೆಗಾಬಿಟ್‌ನ ಇ1 ಲೈನನ್ನು 32 ಟೈಮ್‌ಸ್ಲಾಟ್‌ಗಳಾಗಿ ಹಂಚಿರುತ್ತಾರೆ. ಸೊನ್ನೆಯದು ಎರಡೂ ಕಡೆಯವರನ್ನು ಹೊಂದಿಸಿಡಲು, 16ನೆಯದು ಡಿ ಚಾನೆಲ್‌ಗೆ, ಉಳಿದ 30 ಕರೆಗಳಿಗೆ.

ಈ ಲೆಕ್ಕಕ್ಕೆ ಊರಿನ ದೂರವೂ ಸೇರುತ್ತದೆ. ಬಿಆರ್‌ಐ ತಾಮ್ರದಲ್ಲಿ ಹೆಚ್ಚೆಂದರೆ ಐದೂವರೆ ಕಿಲೋಮೀಟರು ನಡೆಯುತ್ತದೆ. ಹರಿದಾಸರಾದ ವಿಜಯದಾಸರ ಕಟ್ಟೆಯಿರುವ ಚಿಪ್ಪಗಿರಿಯಂಥ ಊರಿಗೆ ಅದಕ್ಕಿಂತ ದೂರದ ಗುಂತಕಲ್ಲಿನ ಎಕ್ಸ್‌ಚೇಂಜಿನಿಂದ ತಂತಿ ಎಳೆದು ಅದನ್ನು ತರಲಾಗದು. ಊರಿನ ಎಕ್ಸ್‌ಚೇಂಜಿನಲ್ಲೇ ಆ ಸೌಲಭ್ಯ ಇರಬೇಕು, ಇಲ್ಲವೇ ಫೈಬರಿನಲ್ಲಿ ಇ1 ಬರಬೇಕು. 1986ರಲ್ಲಿ ಕಿತ್ತೂರಿನಲ್ಲಿ ಮೊದಲು ನಿಂತ ಸಿ-ಡಾಟ್‌ನ 128 ಪೋರ್ಟಿನ ಗ್ರಾಮೀಣ ಎಕ್ಸ್‌ಚೇಂಜ್ ಹಳ್ಳಿಗಳಿಗೆ ಫೋನ್ ತಂದ ದೊಡ್ಡ ಸಾಧನೆ. ಆದರೆ ಅದನ್ನು ಕಟ್ಟಿದ್ದು ಸಾದಾ ಫೋನಿಗಾಗಿ, ಐಎಸ್‌ಡಿಎನ್‌ಗಾಗಿ ಅಲ್ಲ.

ಆದೋನಿ, ಆಲೂರು ಕಡೆಯ ಎರೆಭೂಮಿಯ ಕಾಟ ಬೇರೆ. ಬೇಸಿಗೆಯಲ್ಲಿ ಬಿರಿದು ಮಳೆಗಾಲದಲ್ಲಿ ಉಬ್ಬುವ ಈ ಮಣ್ಣು ಹೂತ ಕೇಬಲನ್ನು ಎಳೆದಾಡುತ್ತದೆ, ಜಾಯಿಂಟಿಗೆ ನೀರಿಳಿಯುತ್ತದೆ. ಸಾದಾ ಫೋನಿನಲ್ಲಿ ಕರಕರ ಸದ್ದಿನ ನಡುವೆಯೂ ಮಾತು ಮುಗಿಸಬಹುದು. ಐಎಸ್‌ಡಿಎನ್ ಅಂಥ ಜೋಡಿಯ ಮೇಲೆ ಏಳುವುದೇ ಇಲ್ಲ. ಮಾತು ದೂರ ಕೇಳಲೆಂದು ಹಳೆಯ ಕೇಬಲಿನಲ್ಲಿ ಹಾಕಿದ ಲೋಡಿಂಗ್ ಕಾಯಿಲ್ ಇದ್ದರಂತೂ ಡಿಜಿಟಲ್ ಸಿಗ್ನಲ್ ಅಲ್ಲೇ ಸಾಯುತ್ತದೆ. ಅಂಥ ಜೋಡಿಯನ್ನು ಲೈನ್‌ಮನ್ ಬದಲಿಸಿಕೊಡದೆ ಬೇರೆ ದಾರಿಯಿಲ್ಲ.

ಪಿಆರ್‌ಐ ಕೆಟ್ಟಾಗ ಸಿಸ್ಕೋ ರೌಟರಿನಲ್ಲಿ ಮೊದಲು ಕೊಡಬೇಕಾದ ಆದೇಶ ‘ಶೋ ಕಂಟ್ರೋಲರ್ಸ್ ಇ1’. ‘ಲಾಸ್ ಆಫ್ ಸಿಗ್ನಲ್’ ಎಂದರೆ ನಮ್ಮತ್ತ ಏನೂ ಬರುತ್ತಿಲ್ಲ. ಮೋಡೆಮ್ ಆರಿದೆ, ತಂತಿ ಕಡಿದಿದೆ, ಅಥವಾ ಕಳಿಸುವ ಜೋಡಿ, ಪಡೆಯುವ ಜೋಡಿ ಅದಲುಬದಲಾಗಿವೆ. ‘ರಿಮೋಟ್ ಅಲಾರ್ಮ್’ ಬಂದರೆ ಅವರದು ನಮಗೆ ತಲುಪುತ್ತಿದೆ, ನಮ್ಮದು ಅವರಿಗೆ ತಲುಪುತ್ತಿಲ್ಲ. ಎಐಎಸ್ ಎಂಬ ಅಲಾರ್ಮ್ ಕಂಡರೆ ಮೋಡೆಮ್ಮಿನಿಂದ ಆಚೆ ಎಲ್ಲೋ ಲಿಂಕು ತುಂಡಾಗಿದೆ. ಆಗ ನಮ್ಮ ರೌಟರನ್ನು ಮುಟ್ಟುವುದೇ ಬೇಡ. ಮೋಡೆಮ್ 75 ಓಮ್‌ನ ಕೋಆಕ್ಸ್ ಕೊಟ್ಟು ರೌಟರು 120 ಓಮ್‌ನ ತಂತಿ ಕೇಳಿದರೆ ನಡುವೆ ಎರಡನ್ನೂ ಹೊಂದಿಸುವ ಬಾಲನ್ ಹಾಕಬೇಕು. ಹೇಗೋ ಜೋಡಿಸಿಬಿಟ್ಟರೆ ಕೆಲಕಾಲ ನಡೆದಂತೆ ಕಂಡು ಮತ್ತೆ ಬೀಳುತ್ತದೆ.

ಇಲ್ಲಿ ಬಹಳ ಜನರನ್ನು ಕಾಡುವುದು ಸ್ಲಿಪ್. ಲೈನು ಎದ್ದಿರುತ್ತದೆ, ಕರೆಯೂ ಹೋಗುತ್ತದೆ, ಮಾತಿನ ನಡುವೆ ಟಕ್ ಟಕ್ ಸದ್ದು, ಫ್ಯಾಕ್ಸ್ ಅರ್ಧಕ್ಕೇ ನಿಲ್ಲುತ್ತದೆ. ‘ಸ್ಲಿಪ್ ಸೆಕ್ಸ್’ ಅಂಕಿ ಏರುತ್ತಲೇ ಹೋಗುತ್ತಿದ್ದರೆ ರೌಟರು ತನ್ನದೇ ಗಡಿಯಾರ ಹಿಡಿದು ಕೂತಿದೆ ಎಂದರ್ಥ. ‘ಕ್ಲಾಕ್ ಸೋರ್ಸ್ ಲೈನ್’ ಹಾಕಿ ಎಕ್ಸ್‌ಚೇಂಜಿನ ಗಡಿಯಾರಕ್ಕೆ ಒಪ್ಪಿಸಬೇಕು. ಫ್ರೇಮಿಂಗ್ (ಸಿಆರ್‌ಸಿ4), ಲೈನ್ ಕೋಡ್ (ಎಚ್‌ಡಿಬಿ3) ಎರಡೂ ಕಡೆ ಒಂದೇ ಇರಬೇಕು; ಅವು ಯಾವುವೆಂದು ಲೈನು ಹಾಕಿಸುವ ದಿನವೇ ಎಕ್ಸ್‌ಚೇಂಜಿನವರನ್ನು ಕೇಳಿ ಬರೆದಿಟ್ಟುಕೊಳ್ಳಿ.

ತಂತಿ ಸರಿಯಿದ್ದರೆ ‘ಶೋ ಐಎಸ್‌ಡಿಎನ್ ಸ್ಟೇಟಸ್’. ಎರಡನೇ ಪದರದಲ್ಲಿ ‘ಮಲ್ಟಿಪಲ್ ಫ್ರೇಮ್ ಎಸ್ಟಾಬ್ಲಿಷ್ಡ್’ ಎಂದು ಕಂಡರೆ ಡಿ ಚಾನೆಲ್ ಜೀವಂತವಾಗಿದೆ. ‘ಟಿಇಐ ಅಸೈನ್ಡ್’ನಲ್ಲೇ ನಿಂತಿದ್ದರೆ ‘ಡೀಬಗ್ ಐಎಸ್‌ಡಿಎನ್ ಕ್ಯೂ921’ ಹಾಕಿ ನೋಡಿ. ನಮ್ಮ ಕಡೆಯಿಂದ ಸಂಪರ್ಕ ಕೋರುವ ಎಸ್‌ಎಬಿಎಂಇ ಒಂದರ ಹಿಂದೊಂದು ಹೋಗುತ್ತಿದ್ದು ಆಚೆಯಿಂದ ಒಪ್ಪಿಗೆಯ ಯುಎ ಬರದಿದ್ದರೆ, ಎಕ್ಸ್‌ಚೇಂಜಿನಲ್ಲಿ ಲೈನು ಇನ್ನೂ ತೆರೆದಿರುವುದಿಲ್ಲ, ಇಲ್ಲವೇ ಎಲ್ಲೋ ಲೂಪ್ ಬಿಟ್ಟಿರುತ್ತಾರೆ. ಭಾರತದಲ್ಲಿ ಪಿಆರ್‌ಐಗೆ ಸ್ವಿಚ್ ಟೈಪ್ ‘ಪ್ರೈಮರಿ-ನೆಟ್5’. ಅಮೆರಿಕದ ಪುಸ್ತಕಗಳಲ್ಲಿ ಕಾಣುವ ಎಸ್‌ಪಿಐಡಿ ಸಂಖ್ಯೆಗಳು ನಮ್ಮ ಬಿಆರ್‌ಐಗೆ ಬೇಕಿಲ್ಲ.

ಇನ್ನು ಕರೆಯ ಹಂತ. ಹಣ ಕಟ್ಟಿದ್ದು ಹತ್ತು ಚಾನೆಲ್‌ಗೆ, ರೌಟರಿನಲ್ಲಿ ಬರೆದದ್ದು ಮೂವತ್ತಕ್ಕೆ: ಆಗ ಕೆಲವು ಕರೆ ಹೋಗುತ್ತವೆ, ಕೆಲವು 44ನೇ ಕಾರಣ (ಕೇಳಿದ ಚಾನೆಲ್ ಲಭ್ಯವಿಲ್ಲ) ಹೇಳಿ ಬೀಳುತ್ತವೆ. ಚಾನೆಲ್ ಆರಿಸುವ ದಿಕ್ಕೂ ಮುಖ್ಯ. ಎಕ್ಸ್‌ಚೇಂಜ್ ಒಂದರಿಂದ ಮೇಲಕ್ಕೆ ಆರಿಸುತ್ತಿದ್ದರೆ ನಮ್ಮ ಕಚೇರಿಯೊಳಗಿನ ಎಕ್ಸ್‌ಚೇಂಜ್ (ಪಿಬಿಎಕ್ಸ್) ಮೂವತ್ತೊಂದರಿಂದ ಕೆಳಕ್ಕೆ ಆರಿಸಲಿ. ಇಲ್ಲದಿದ್ದರೆ ಒಳಬರುವ ಕರೆ, ಹೊರಹೋಗುವ ಕರೆ ಎರಡೂ ಒಂದೇ ಚಾನೆಲ್‌ಗೆ ಕೈ ಹಾಕುತ್ತವೆ.

ನಂಬರಿನ ರೂಪದ ತಪ್ಪು ಗಡಿಯೂರುಗಳಲ್ಲಿ ಬೇಗ ಬಯಲಾಗುತ್ತದೆ. ಈಗ ಆಂಧ್ರದಲ್ಲಿರುವ ಆದೋನಿ, ಆಲೂರು 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲೇ ಇದ್ದವು. ಇಂದಿಗೂ ಇಲ್ಲಿನವರ ನೆಂಟಸ್ತಿಕೆ, ವ್ಯಾಪಾರ ಬಳ್ಳಾರಿಯೊಂದಿಗಿದೆ. ಆದೋನಿಯ ಎಸ್‌ಟಿಡಿ ಕೋಡ್ 08512, ಬಳ್ಳಾರಿಯದು 08392. ಊರೊಳಗಿನ ಕರೆ ಸಲೀಸಾಗಿ ಹೋಗಿ ಬಳ್ಳಾರಿಯ ಕರೆ ಮಾತ್ರ ಬೀಳುತ್ತಿದ್ದರೆ ‘ಡೀಬಗ್ ಐಎಸ್‌ಡಿಎನ್ ಕ್ಯೂ931’ರಲ್ಲಿ ಸೆಟಪ್ ಸಂದೇಶ ಓದಿ. ನಂಬರಿನ ಬಗೆ ‘ನ್ಯಾಷನಲ್’ ಎಂದು ಹೋಗುತ್ತಿದ್ದರೆ ಮುಂದಿನ ಸೊನ್ನೆ ಇರಬಾರದು. ‘ಅನ್‌ನೋನ್’ ಎಂದು ಹೋಗುತ್ತಿದ್ದರೆ ಸೊನ್ನೆ ಇರಲೇಬೇಕು. ಎರಡನ್ನೂ ಬೆರೆಸಿದರೆ ಎಕ್ಸ್‌ಚೇಂಜ್ ಕರೆಯನ್ನು ಹಿಂದಕ್ಕೆ ತಳ್ಳುತ್ತದೆ.

ಲೀಸ್ಡ್ ಲೈನು ಬಿದ್ದಾಗ ಬದಲಿಯಾಗಲೆಂದು ಬಿಆರ್‌ಐ ಇಟ್ಟುಕೊಂಡವರು, ಯಾವ ಪ್ಯಾಕೆಟ್ಟಿಗೆ ಲೈನು ಏಳಬೇಕೆಂದು ಹೇಳುವ ಡಯಲರ್ ಲಿಸ್ಟನ್ನು ಕಣ್ಣಲ್ಲಿ ಕಣ್ಣಿಟ್ಟು ಬರೆಯಬೇಕು. ರೌಟಿಂಗ್ ಪ್ರೋಟೋಕಾಲಿನ ಪುಟ್ಟ ಪ್ಯಾಕೆಟ್ಟುಗಳನ್ನು ಅದರಲ್ಲಿ ತಡೆಯದಿದ್ದರೆ ಲೈನು ರಾತ್ರಿಯಿಡೀ ಎದ್ದೇ ಇರುತ್ತದೆ, ಬಿಲ್ಲು ಏರುತ್ತಲೇ ಇರುತ್ತದೆ.

ಎಕ್ಸ್‌ಚೇಂಜಿಗೆ ಫೋನ್ ಮಾಡುವ ಮೊದಲು ಬಿದ್ದ ಕರೆಯ ಹೊತ್ತು, ಕರೆದ ನಂಬರು, ಡೀಬಗ್‌ನಲ್ಲಿ ಕಂಡ ಕಾರಣದ ಸಂಕೇತ ಬರೆದುಕೊಳ್ಳಿ. ಉದಾಹರಣೆಗೆ ಹೆಕ್ಸ್ 829ಸಿ. ಕೊನೆಯ 9ಸಿಯಿಂದ 80 ಕಳೆದರೆ 1ಸಿ, ದಶಮಾನದಲ್ಲಿ 28: ನಂಬರಿನ ರೂಪ ತಪ್ಪಿದೆ. ಮೊದಲ 82 ಹಾಗೆ ಹೇಳಿದ್ದು ಯಾರೆಂದು ತಿಳಿಸುತ್ತದೆ: ನಮಗೆ ಲೈನು ಕೊಟ್ಟ ಎಕ್ಸ್‌ಚೇಂಜ್. ಅಲ್ಲಿ 84 ಇದ್ದಿದ್ದರೆ ಮಾತು ಆಚೆ ಊರಿನ ಎಕ್ಸ್‌ಚೇಂಜಿನದು. 80 ಇದ್ದಿದ್ದರೆ ಕರೆ ಹೋದ ಕಡೆಯ ಉಪಕರಣದ್ದೇ. ಇಷ್ಟು ಹೇಳಿದರೆ ಎಕ್ಸ್‌ಚೇಂಜಿನವರು ತಮ್ಮ ಕಡೆಯ ಟ್ರೇಸ್ ತೆಗೆದು ಅದೇ ಕರೆಯನ್ನು ಹುಡುಕಬಲ್ಲರು.